ಹಣದ ತೂಕ, ಆಟದ ಇಳುವರಿ

ಆಟಗಾರನ ಹಿರಿಮೆಯನ್ನು ಅವನು ಗೆದ್ದ ಹಣದಿಂದ ಅಳೆಯಬಹುದೆಂಬ ಮತವೊಂದು ನಮ್ಮ ವಿದ್ಯಾವಂತರ ಮನೆಗಳಲ್ಲಿಯೂ ಬೇರೂರುತ್ತಿರುವುದು. ವೃತ್ತಪತ್ರಿಕೆಯ ಕ್ರೀಡಾಪುಟವನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಬಹುಮಾನದ ಮೊತ್ತ. ಆಮೇಲೆ ಗೆದ್ದವನ ಹೆಸರು. ಅವನು ಹೇಗೆ ಆಡಿದನೆಂಬುದು ಸ್ಥಳವುಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಮತವು ಎಷ್ಟು ದೂರ ಹೋಗಬಲ್ಲುದೆಂಬುದನ್ನು ನೋಡಬೇಕಾದರೆ ಗಾಲ್ಫ್ ಎಂಬ ಚೆಂಡಾಟವನ್ನು ನೋಡಬೇಕು.

ಗಾಲ್ಫಿಗೂ ಮಂಡ್ಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿಯೇ ಬಿಡದಿ ಇರುವುದಷ್ಟೆ. ಅಲ್ಲಿಯ ಗಾಲ್ಫ್ ಮೈದಾನದ ನೆರೆಯ ಹಳ್ಳಿಯೊಂದರಲ್ಲಿ, ಸಿರಿವಂತಿಕೆಯ ಗಾಳಿಯೇ ಸೋಕದ ಮನೆಯಲ್ಲಿ ಹುಟ್ಟಿದ ಚಿಕ್ಕರಂಗಪ್ಪನವರು ಆ ಮೈದಾನದಲ್ಲಿಯೇ ಆಟವನ್ನು ಕಲಿತು, ವಿಜಯ್ ದಿವೇಚಾ ಎಂಬ ಗುರುಗಳ ಕೈಯಲ್ಲಿ ಪಳಗಿ, ವೃತ್ತಿ ಆಟಗಾರರಾದರು. ಇದು ದೂರದವರ ಆಟವೆಂದು ಇನ್ನು ಹೇಳುವಂತಿಲ್ಲ.

ಈ ಆಟದಲ್ಲಿ ಚೆಂಡನ್ನು ಕುಳಿಗೆ ಸೇರಿಸಲು ಯಾರು ಕಡಿಮೆ ಹೊಡೆತಗಳನ್ನು ಹೊಡೆಯುವರೋ ಅವರು ಗೆದ್ದರು. ಹಿಂದೆ ಒಂದೊಂದು ಪಂದ್ಯವೂ ತನ್ನಷ್ಟಕ್ಕೆ ಪೂರ್ಣವಾಗಿತ್ತು. ವರ್ಷದ ಕೊನೆಗೆ ಯಾರ ಗಳಿಕೆ ಎಷ್ಟೆಂಬ ಪಟ್ಟಿಯೊಂದನ್ನು ಬರೆದಿಡುತ್ತಿದ್ದರು. 2007ರಲ್ಲಿ ಅಮೆರಿಕದವರು ಫೆಡೆಕ್ಸ್ ಕಪ್ ಎಂಬ ವರ್ಷಾವಧಿ ಪ್ರಶಸ್ತಿಯನ್ನು ಹುಟ್ಟಿಸಿದರು. ಋತುವಿನುದ್ದಕ್ಕೂ ಅಂಕಗಳನ್ನು ಕೂಡಿಡುವುದು, ಕಡೆಯ ಕೆಲವು ಪಂದ್ಯಗಳಲ್ಲಿ ಆಟಗಾರರನ್ನು ಜರಡಿ ಹಿಡಿಯುವುದು, ಉಳಿದವರಲ್ಲಿ ಒಬ್ಬನಿಗೆ ನಿಧಿಯನ್ನು ಒಪ್ಪಿಸುವುದು, ಇದೇ ಅದರ ಕ್ರಮ. ಮೊದಲ ವರ್ಷ ಟೈಗರ್ ವುಡ್ಸ್ ಅವರಿಗೆ ದೊರೆತುದು 1 ಕೋಟಿ ಡಾಲರು. 2019ಕ್ಕೆ ಅದು ಒಂದೂವರೆ ಕೋಟಿಯಾಯಿತು. 2024ರಲ್ಲಿ ಸ್ಕಾಟಿ ಶೆಫ್ಲರ್ ಅವರಿಗೆ ಎರಡೂವರೆ ಕೋಟಿ ಸಂದಿತು.

ನಿಧಿ ಬೆಳೆಯಿತು, ಅದರೊಡನೆ ಗೌರವವೂ ಬೆಳೆಯಿತೆ? 2018ರ ಸೆಪ್ಟೆಂಬರಿನಲ್ಲಿ ನಡೆದುದನ್ನು ನೋಡಿರಿ. ಬೆನ್ನಿನ ಶಸ್ತ್ರಚಿಕಿತ್ಸೆಗಳಿಂದ ನಲುಗಿ, ಐದು ವರ್ಷ ಒಂದು ಗೆಲುವನ್ನೂ ಕಾಣದಿದ್ದ ವುಡ್ಸ್ ಅವರು ಋತುವಿನ ಕಡೆಯ ಪಂದ್ಯವನ್ನು ಗೆದ್ದರು. ಅಂಕಗಳ ಲೆಕ್ಕದಲ್ಲಿ ವರ್ಷಾವಧಿ ಪ್ರಶಸ್ತಿಯೂ 1 ಕೋಟಿ ಡಾಲರೂ ಜಸ್ಟಿನ್ ರೋಸ್ ಅವರ ಪಾಲಾದುವು. ಆ ದಿನ ಜನಸಮುದ್ರವು ಯಾರ ಹಿಂದೆ ಹರಿಯಿತೆಂಬುದನ್ನು ಲೋಕವೆಲ್ಲ ಕಂಡಿತು. ಕೋಟಿಯನ್ನು ಪಡೆದವರು ಯಾರೆಂದು ಕೇಳಿದರೆ ಗಾಲ್ಫನ್ನು ಬಲ್ಲವರೂ ಇಂದು ತಡವರಿಸುವರು.

ಇದರಿಂದ ಸಂಘಟಕರು ಕಲಿತ ಪಾಠವೇ ವಿಚಿತ್ರವಾದುದು. ಒಂದೇ ದಿನ ಇಬ್ಬರು ವಿಜಯಿಗಳಾಗುವುದು ಬೇಡವೆಂದು, 2019ರಿಂದ ಕಡೆಯ ಪಂದ್ಯವನ್ನು ಎಲ್ಲರೂ ಸಮನಾಗಿ ಆರಂಭಿಸುವ ಪದ್ಧತಿಯನ್ನೇ ತೆಗೆದುಹಾಕಿದರು. ಅಂಕಪಟ್ಟಿಯಲ್ಲಿ ಮೊದಲಿಗನಾದವನು ಚೆಂಡನ್ನು ಮುಟ್ಟುವ ಮೊದಲೇ 10 ಹೊಡೆತ ಮುಂದೆ! 2024ರ ಪಂದ್ಯದಲ್ಲಿ ನಾಲ್ಕು ದಿನಗಳ ನಿಜವಾದ ಆಟದಲ್ಲಿ ಕಾಲಿನ್ ಮೊರಿಕಾವಾ ಅವರು ಶೆಫ್ಲರ್ ಅವರಿಗಿಂತ 2 ಹೊಡೆತ ಕಡಿಮೆ ಹೊಡೆದರು. ಕಾಗದದ ಮೇಲೆ 4 ಹೊಡೆತಗಳಿಂದ ಸೋತರು. ನಮ್ಮ ಕಡೆಯ ಎತ್ತಿನ ಗಾಡಿಯ ಓಟದಲ್ಲಿ, ಕಳೆದ ಜಾತ್ರೆಗಳಲ್ಲಿ ಗೆದ್ದ ಜೋಡಿಯೆಂದು ಒಂದು ಗಾಡಿಯನ್ನು ಅರ್ಧ ದಾರಿ ಮುಂದೆ ನಿಲ್ಲಿಸಿದರೆ ಮಳವಳ್ಳಿಯ ರೈತನು ಒಪ್ಪುವನೆ? ಆರು ವರ್ಷ ಈ ಪದ್ಧತಿಯನ್ನು ನಡೆಸಿ 2025ರಲ್ಲಿ ಅವರೇ ಕೈಬಿಟ್ಟರು. ಆಟವನ್ನು ಹಣದ ಲೆಕ್ಕಕ್ಕೆ ಹೊಂದಿಸಲು ಹೋದರೆ ಮೊದಲು ಮುರಿಯುವುದು ಆಟದ ನ್ಯಾಯವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಕೀರ್ತಿಯ ಮಾತು. ಜ್ಯಾಕ್ ನಿಕ್ಲಾಸ್ ಅವರು 1962ರಿಂದ 1986ರವರೆಗೆ 18 ಮಹಾಪಂದ್ಯಗಳನ್ನು ಗೆದ್ದರು. ಇಂದಿಗೂ ಆ ಸಂಖ್ಯೆಯನ್ನು ಮುಟ್ಟಿದವರಿಲ್ಲ. ಅಮೆರಿಕದ ಪ್ರವಾಸಪಂದ್ಯಗಳಲ್ಲಿ ಅವರ ಜೀವಮಾನದ ಗಳಿಕೆ ಸುಮಾರು 57 ಲಕ್ಷ ಡಾಲರು. ಶೆಫ್ಲರ್ ಅವರು 2024ರ ಒಂದೇ ಋತುವಿನಲ್ಲಿ, ಮೇಲೆ ಹೇಳಿದ ನಿಧಿಯನ್ನು ಬಿಟ್ಟು, 2 ಕೋಟಿ 92 ಲಕ್ಷವನ್ನು ಗಳಿಸಿದರು. ರೂಪಾಯಿ ಡಾಲರುಗಳ ಬೆಲೆ ಕಾಲಕ್ಕೆ ತಕ್ಕಂತೆ ಬದಲಾಗುವುದು ನಿಜ. ಆದುದರಿಂದಲೇ ಅವು ಕೀರ್ತಿಯ ಅಳತೆಗೋಲಾಗಲಾರವು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾದ ಮಂಡ್ಯದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬನ್ನು ತೂಗುವರು, ಆದರೆ ತೂಕವೇ ಸಕ್ಕರೆಯಲ್ಲ. ನೀರು ಕುಡಿದು ದಪ್ಪವಾದ ಕಬ್ಬು ತೂಗುವುದು ಹೆಚ್ಚು, ಸಕ್ಕರೆ ಬಿಡುವುದು ಕಡಿಮೆ. ದರವನ್ನು ಕಟ್ಟುವಾಗ ಸರ್ಕಾರವು ಇಳುವರಿಯನ್ನು ಲೆಕ್ಕಕ್ಕೆ ಹಿಡಿಯುವುದು ಇದಕ್ಕಾಗಿಯೇ. ಕಬ್ಬಿಗೆ ತೋರಿಸುವ ವಿವೇಕವನ್ನು ಮನುಷ್ಯರಿಗೆ ತೋರಿಸಬಾರದೆ?

ನಮ್ಮವರ ಇಳುವರಿಯನ್ನೇ ನೋಡಿರಿ. 1965ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಮೊದಲ ಭಾರತೀಯರಾದ ಪಿ.ಜಿ. ಸೇಥಿಯವರು ಹವ್ಯಾಸಿಗಳು, ಬಹುಮಾನದ ಹಣ ಅವರಿಗೆ ಸಲ್ಲುವಂತೆಯೇ ಇರಲಿಲ್ಲ. ಹೆಸರು ಮಾತ್ರ ಉಳಿಯಿತು. ಬೆಂಗಳೂರಿನ ಅದಿತಿ ಅಶೋಕ್ ಅವರು ಟೋಕಿಯೋ ಒಲಿಂಪಿಕ್ಸಿಗೆ ಹೋದಾಗ ಲೋಕದ ಶ್ರೇಯಾಂಕದಲ್ಲಿ 200ನೆಯವರು. ತಾಯಿಯೇ ಕ್ಯಾಡಿಯಾಗಿ ಜೊತೆಯಲ್ಲಿ ನಡೆದರು. 2021ರ ಆಗಸ್ಟ್ 7ರಂದು ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ಅವರು ನಾಲ್ಕನೆಯವರಾದರು. ಪದಕವಿಲ್ಲ, ಹಣವಿಲ್ಲ, ಆದರೂ ಗಾಲ್ಫಿನ ಕೋಲನ್ನೇ ಕಾಣದ ಮನೆಗಳವರು ಅಂದು ನಸುಕಿನಲ್ಲಿ ಎದ್ದು ಆ ಆಟವನ್ನು ನೋಡಿದರು. ಬೆಂಗಳೂರಿನಲ್ಲಿ ನೆಲೆಸಿದ, ದಿವೇಚಾ ಅವರ ಶಿಷ್ಯರೇ ಆದ ಅನಿರ್ಬನ್ ಲಾಹಿರಿಯವರು 2022ರಲ್ಲಿ ಅಮೆರಿಕದ ಪ್ಲೇಯರ್ಸ್ ಪಂದ್ಯದಲ್ಲಿ ಎರಡನೆಯವರಾಗಿ ಸುಮಾರು 22 ಲಕ್ಷ ಡಾಲರು ಪಡೆದರು. ಅದು ಸಾಮಾನ್ಯ ಸಾಧನೆಯಲ್ಲ. ಆದರೆ 2015ರಲ್ಲಿ ದೆಹಲಿಯಲ್ಲಿ, ಕಡೆಯ ದಿನ 7 ಹೊಡೆತ ಹಿಂದಿದ್ದು, ಚೌರಾಸಿಯಾ ಅವರನ್ನು ಸರಿಗಟ್ಟಿ, ಹೆಚ್ಚುವರಿ ಕುಳಿಯಲ್ಲಿ ಇಂಡಿಯನ್ ಓಪನ್ ಗೆದ್ದುದನ್ನು ನಮ್ಮ ಜನ ಹೇಳಿಕೊಳ್ಳುವಂತೆ ಆ 22 ಲಕ್ಷವನ್ನು ಹೇಳಿಕೊಳ್ಳುವುದಿಲ್ಲ.

ಪ್ರತಿವಾದಿಗಳು ಎರಡು ಮಾತು ಹೇಳುವರು. ಒಂದು ವಾರದ ಗೆಲುವು ಅದೃಷ್ಟವಿರಬಹುದು, ವರ್ಷವೆಲ್ಲ ಮೇಲಿರುವುದು ಯೋಗ್ಯತೆಯೆಂಬುದು ಮೊದಲನೆಯದು. ನಿಲುಕಡೆಯಾದ ಆಟಕ್ಕೆ ಗೌರವ ಸಲ್ಲಲೇಬೇಕು. ಲಾಹಿರಿಯವರು 2015ರಲ್ಲಿ ಏಷ್ಯದ ವಾರ್ಷಿಕ ಪಟ್ಟಿಯಲ್ಲಿ ಮೊದಲಿಗರಾದುದು ನಮಗೂ ಹೆಮ್ಮೆಯೇ. ಆದರೆ ಪಟ್ಟಿಯೂ ನಿಷ್ಪಕ್ಷಪಾತಿಯಲ್ಲ. 2024ರಲ್ಲಿ ಅಮೆರಿಕದ ಸಾಮಾನ್ಯ ಪಂದ್ಯ ಗೆದ್ದವನಿಗೆ 500 ಅಂಕ. ಆಯ್ದ ಕೆಲವರಿಗಷ್ಟೇ ಪ್ರವೇಶವಿದ್ದ ಸಿರಿವಂತ ಪಂದ್ಯ ಗೆದ್ದವನಿಗೆ 700. ಒಳಗಿದ್ದವನು ಒಳಗೇ ಉಳಿಯುವಂತೆ ಮಾಡುವ ಏರ್ಪಾಡಿಗೆ ಯೋಗ್ಯತೆಯ ಪರೀಕ್ಷೆಯೆಂದು ಹೆಸರಿಡುವುದು ಹೇಗೆ?

ಬಡವರ ಮಗನಿಗೆ ಹಣ ಬೇಡವೆ ಎಂಬುದು ಎರಡನೆಯದು. ಬೇಕು, ನಾವು ಕೇಳುವುದೂ ಅದನ್ನೇ. ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನ ಕಳೆದೊಡನೆ ಕೆಳಗಿನವರನ್ನು ಕೈಬಿಡುವುದು ರೂಢಿ. ಅಂಥವರಿಗೆ ಬಹುಮಾನವಿಲ್ಲ, ಪ್ರಯಾಣದ ವೆಚ್ಚವೂ ಕ್ಯಾಡಿಯ ಕೂಲಿಯೂ ಅವರದೇ. ಬಡ ಆಟಗಾರನು ಸಾಯುವುದು ಅಲ್ಲಿ, ಮೊದಲ ಮೂರು ವರ್ಷಗಳಲ್ಲಿ. ಈಗಾಗಲೇ ಕೋಟ್ಯಧಿಪತಿಯಾದವನ ಮೇಲೆ ಇನ್ನೆರಡು ಕೋಟಿ ಸುರಿಯುವುದರಿಂದ ಅವನಿಗೇನು ಉಪಕಾರ? ನಾಲೆಯ ನೀರೆಲ್ಲ ಮೇಲಿನ ಗದ್ದೆಯಲ್ಲಿ ನಿಂತರೆ ಕೊನೆಯ ಭಾಗದ ಪೈರಿನ ಗತಿಯೇನೆಂದು ಮದ್ದೂರು ಮಳವಳ್ಳಿಗಳ ರೈತರನ್ನೇ ಕೇಳಬಹುದು.

ಈ ರೋಗವು ನಮ್ಮ ಹಬ್ಬ ಜಾತ್ರೆಗಳಿಗೂ ಅಂಟುತ್ತಿರುವುದೇ ನಮ್ಮ ಚಿಂತೆಗೆ ಕಾರಣ. ಕುಸ್ತಿ ಕಬಡ್ಡಿಗಳ ಕರಪತ್ರದಲ್ಲಿ ಮೊದಲ ಬಹುಮಾನದ ಅಂಕೆ ವರ್ಷವರ್ಷಕ್ಕೂ ದಪ್ಪವಾಗುವುದು. ಗರಡಿಯ ಮಣ್ಣಿಗೂ, ಹುಡುಗರ ಹಾಲಿಗೂ, ಪೆಟ್ಟು ಬಿದ್ದವನ ಔಷಧಿಗೂ ಕಾಸಿರುವುದಿಲ್ಲ. ಹಿಂದಿನ ಪೈಲ್ವಾನರ ಪಟ್ಟುಗಳನ್ನು ಬರೆದಿಟ್ಟವರೂ ಅಪರೂಪ. ಆದುದರಿಂದ ಬಹುಮಾನ ಕೊಡುವ ಮಹನೀಯರು ಅದರ ಅರ್ಧವನ್ನು ಕಲಿಯುವವರಿಗೆ ಹಂಚಲಿ. ಊರೂರಿನ ವಿದ್ಯಾವಂತರು ತಮ್ಮೂರ ಆಟಗಾರರು ಯಾರನ್ನು ಎದುರಿಸಿದರು, ಹೇಗೆ ಗೆದ್ದರು, ಹೇಗೆ ಸೋತರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಆ ಬರಹದಲ್ಲಿ ಬಹುಮಾನದ ಮೊತ್ತಕ್ಕೆ ಒಂದು ಸಾಲು ಸಾಕು. ಸಂಜೆ ಮೈದಾನದಿಂದ ಮನೆಗೆ ಬಂದ ಮಗನನ್ನು ಎಷ್ಟು ಬಂತೆಂದು ಕೇಳುವ ಮೊದಲು ಹೇಗೆ ಆಡಿದೆಯೆಂದು ಕೇಳುವ ಅಭ್ಯಾಸವನ್ನು ತಾಯಿತಂದೆಗಳು ಇಂದಿನಿಂದಲೇ ಆರಂಭಿಸಬಹುದು.