ರೊಟ್ಟಿಗೆ ಏನು ಹಚ್ಚಿಕೊಳ್ಳುತ್ತೀರಿ ಎಂದು ಕೇಳಿ

ಗದಗ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಬಹಿರಂಗ ಪತ್ರ



ನಮ್ಮವ್ವನ ಕಿಡ್ನಿ ಸೋತಿದೆ ಎಂದು ಗೊತ್ತಾದ ದಿನ ವೈದ್ಯರು ಹೇಳಿದ್ದು ಒಂದೇ ಮಾತು: ‘ಉಪ್ಪು, ಖಾರ ಬಿಡ್ರಿ.’ ಅವ್ವ ಅಂದಿನಿಂದಲೇ ಪಲ್ಯಕ್ಕೆ ಉಪ್ಪು ಹಾಕುವುದನ್ನು ಬಿಟ್ಟಳು. ಸಪ್ಪೆ ಪಲ್ಯದ ಜೊತೆ ರೊಟ್ಟಿ ಗಂಟಲಿಗಿಳಿಯಲಿಲ್ಲ. ಗಂಗಾಳದ ಬದಿಗೆ ಮಾವಿನ ಉಪ್ಪಿನಕಾಯಿ, ಕೆಂಪು ಚಟ್ನಿ, ಸುಟ್ಟ ಹಪ್ಪಳ ಬಂದವು. ‘ಪಲ್ಯಾಕ ಉಪ್ಪ ಹಾಕಿಲ್ಲಲ್ಲ’ ಎಂದು ಸಮಾಧಾನಪಟ್ಟಳು. ತಿಂಗಳೊಳಗೆ ಪಾದಗಳು ಬಾತುಕೊಂಡವು.

ನಮ್ಮ ಮನೆಯಲ್ಲಿ ಜೋಳದ ಹಿಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪೆಲ್ಲ ಇರುವುದು ಹಚ್ಚಿಕೊಳ್ಳುವುದರಲ್ಲಿ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಉಳಿಯುವುದೇ ಉಪ್ಪಿನಿಂದ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡಖಾರದಲ್ಲೂ ಸೋಡಿಯಂ ಇದೆ. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಇಡೀ ದಿನಕ್ಕೆ ಒಂದು ಸಣ್ಣ ಚಮಚ.

ಇದಕ್ಕಿಂತ ದೊಡ್ಡ ಅಪಾಯ ಪ್ರೀತಿಯಿಂದಲೇ ಮನೆಗೆ ಬಂತು. ನೆರೆಯವರು ‘ಕಡಿಮೆ ಸೋಡಿಯಂ ಉಪ್ಪು’ ತಂದುಕೊಟ್ಟರು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ‘ಪೊಟ್ಯಾಸಿಯಂ ಕ್ಲೋರೈಡ್’ ಎಂದಿತ್ತು. ಸೋತ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದ ವಿಶ್ವ ಆರೋಗ್ಯ ಸಂಸ್ಥೆ, ಆ ಮಾರ್ಗಸೂಚಿ ಕಿಡ್ನಿ ತೊಂದರೆ ಇರುವವರಿಗೆ ಅನ್ವಯಿಸದು ಎಂದು ಸ್ಪಷ್ಟಪಡಿಸಿದೆ. ಸೈಂಧವ ಲವಣವೂ ಮದ್ದಲ್ಲ, ಅದೂ ಉಪ್ಪೇ.

ಕೊನೆಗೆ ಒಬ್ಬ ಆಹಾರತಜ್ಞೆ ಅವ್ವನ ಪಕ್ಕ ಕುಳಿತು ಕೇಳಿದರು: ‘ಅವ್ವಾರ, ರೊಟ್ಟಿಗೆ ಏನ್ ಹಚಗೋತೀರಿ?’ ಆ ಒಂದು ಪ್ರಶ್ನೆಯಿಂದ ಗಂಗಾಳ ಬದಲಾಯಿತು. ಈಗ ಅವ್ವ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಹುರಿದು ಉಪ್ಪಿಲ್ಲದೆ ಕುಟ್ಟುತ್ತಾಳೆ. ಮೇಲೆ ನಾಲ್ಕು ಹನಿ ಲಿಂಬೆರಸ, ಬದಿಗೆ ಒಂದು ಹೋಳು ಉಳ್ಳಾಗಡ್ಡಿ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಇರುವುದರಿಂದ ರಕ್ತಪರೀಕ್ಷೆಯ ವರದಿ ನೋಡಿ ಒಂದೊಂದು ಚಿಟಿಕೆ. ಅಂಗಡಿಯ ಸಾಸು ಬಂದ್.

ನಮ್ಮ ಕೋರಿಕೆ ಮೂರು. ಈ ಹಿಂಡಿ, ಚಟ್ನಿಗಳ ಹೆಸರನ್ನೇ ಬರೆದ, ಓದಲು ಬಾರದವರಿಗೆ ಚಿತ್ರಗಳಿರುವ ಕನ್ನಡದ ಒಂದು ಹಾಳೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪ್ರತಿ ಕಿಡ್ನಿ ರೋಗಿಯ ಕೈಸೇರಲಿ. ಹದಿನೈದು ದಿನಕ್ಕೊಮ್ಮೆಯಾದರೂ ಆಹಾರತಜ್ಞರು ತಾಲ್ಲೂಕುಗಳಿಗೆ ಬರಲಿ. ಪೊಟ್ಯಾಸಿಯಂ ಉಪ್ಪಿನ ಅಪಾಯವನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿಳಿಸುವಂತಾಗಲಿ.

ಆ ಪ್ರಶ್ನೆ ನಮ್ಮವ್ವನ ತನಕ ಬರಲು ಒಂದು ವರ್ಷ ಹಿಡಿಯಿತು. ಮುಂಡರಗಿಯ ಇನ್ನೊಬ್ಬ ತಾಯಿಯನ್ನು ಮೊದಲ ದಿನವೇ ಯಾರಾದರೂ ಅದನ್ನು ಕೇಳುವಂತಾಗಲಿ.

ಇಂತಿ ತಮ್ಮ ವಿಶ್ವಾಸಿ,
ಲಕ್ಷ್ಮೇಶ್ವರದ ಒಬ್ಬ ಮಗಳು