ಹಟ್ಟಿಯ ಚರಿತ್ರೆ ಎಂದಿನಿಂದ?

ರಾಯಚೂರು ಜಿಲ್ಲೆಯ ಹಟ್ಟಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ 1947ರಿಂದ, ಅಂದರೆ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯ ಸ್ಥಾಪನೆಯಿಂದ, ಆರಂಭಿಸುತ್ತಾರೆ. ಇನ್ನಷ್ಟು ಉದಾರಿಗಳು ನಿಜಾಮರ ಕಾಲದ ಬ್ರಿಟಿಷ್ ಕಂಪನಿಯವರೆಗೆ ಹಿಂದೆ ಸರಿಯುತ್ತಾರೆ. ಇದು ಕಂಪನಿಗಳ ಚರಿತ್ರೆಯೇ ಹೊರತು ಊರಿನ ಚರಿತ್ರೆಯಲ್ಲ.

ಆ ಕಂಪನಿಗಳು ಕನ್ಯಾಭೂಮಿಯನ್ನೇನೂ ಅಗೆಯಲಿಲ್ಲ. ಹಳೆಯ ಗುಂಡಿಗಳ ಜಾಡು ಹಿಡಿದೇ ಕೆಳಗಿಳಿದವು. ಆ ಪ್ರಾಚೀನ ಗಣಿಗಳು 600 ಅಡಿಗೂ ಆಳವಾಗಿದ್ದವು. ಅಲ್ಲಿ ದೊರೆತ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷವೆಂದು ಕಾಲನಿರ್ಣಯವಾಗಿದೆ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಸೀಳಿ, ಹೊಗೆ ತುಂಬಿದ ಆ ಆಳದಲ್ಲಿ ದುಡಿದವರನ್ನು ‘ಪ್ರಾಚೀನರು’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಯಾವ ಸಂಶೋಧನೆ?

1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಶಾಸನದಲ್ಲಿ ಅಶೋಕನ ಹೆಸರಿರುವುದನ್ನು ನಾವು ತರಗತಿಗಳಲ್ಲಿ ತಪ್ಪದೆ ಹೇಳುತ್ತೇವೆ. ಆ ಬಂಡೆ ಹಟ್ಟಿ-ಮಸ್ಕಿಯ ಚಿನ್ನದ ಪಟ್ಟಿಯಲ್ಲಿರುವುದನ್ನು ಹೇಳುವುದಿಲ್ಲ. ಬ್ರಹ್ಮಗಿರಿ ಶಾಸನದ ಸುವರ್ಣಗಿರಿ ಯಾವುದೆಂಬ ಚರ್ಚೆಯಲ್ಲಿ ಮಸ್ಕಿ, ಕನಕಗಿರಿ, ಜೊನ್ನಗಿರಿ ಎಂದು ಊರುಗಳ ಹೆಸರನ್ನು ಎಣಿಸುತ್ತೇವೆ. ಮೌರ್ಯರ ಆಡಳಿತಕ್ಕೆ ಈ ಬಯಲುಸೀಮೆ ಏಕೆ ಬೇಕಾಗಿತ್ತೆಂಬ ಪ್ರಶ್ನೆ ಅಡಿಟಿಪ್ಪಣಿಗೆ ಇಳಿಯುತ್ತದೆ.

ಜೈನ ಸಾಹಿತ್ಯದ ಅಭ್ಯಾಸಿಗಳಾದ ನಾವೂ ಹೊರತಲ್ಲ. ಬಸದಿಗೆ ಬಿಟ್ಟ ಗದ್ಯಾಣಗಳನ್ನು ಒಂದೂ ಬಿಡದೆ ಲೆಕ್ಕ ಹಾಕುತ್ತೇವೆ. ಅತ್ತಿಮಬ್ಬೆ ಮಾಡಿಸಿದ 1500 ಜಿನಬಿಂಬಗಳನ್ನು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಆ ಹೊನ್ನು ಹಟ್ಟಿಯದೆಂದು ನಾನು ಹೇಳುತ್ತಿಲ್ಲ. ಆದರೆ ಅದು ಯಾವುದೋ ನೆಲದಿಂದ, ಯಾರದೋ ಕೈಯಿಂದ ಬಂದಿರಲೇಬೇಕಲ್ಲ? ಹೇಮಚಂದ್ರನ ಯೋಗಶಾಸ್ತ್ರವು ನೆಲವನ್ನು ಅಗೆದು ಒಡೆಯುವ ಸ್ಫೋಟಜೀವಿಕೆಯನ್ನು ಶ್ರಾವಕನಿಗೆ ವರ್ಜ್ಯವಾದ ಹದಿನೈದು ವೃತ್ತಿಗಳಲ್ಲಿ ಸೇರಿಸುತ್ತದೆ. ವೃತ್ತಿ ವರ್ಜ್ಯ, ಅದರ ಫಲ ದಾನಯೋಗ್ಯ: ಈ ಬಿಕ್ಕಟ್ಟನ್ನು ನಮ್ಮ ಎಷ್ಟು ಮಹಾಪ್ರಬಂಧಗಳು ಎತ್ತಿಕೊಂಡಿವೆ? ದಾನಿಯ ಹೆಸರು ಕಲ್ಲಿನಲ್ಲಿದೆ, ಬರೆದ ಕವಿಯ ಹೆಸರಿದೆ, ಕೆಲವೊಮ್ಮೆ ಕಂಡರಿಸಿದವನ ಹೆಸರೂ ಇದೆ. ಅಗೆದವನ ಹೆಸರನ್ನು ಶಾಸನಗಳಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲುವುದು ಸುಲಭದ ದಾರಿ. ಅಗೆದವರು ಬಿಟ್ಟುಹೋದದ್ದು ಅಕ್ಷರವಲ್ಲ. ಅದಿರು ಅರೆದು ಸವೆದ ಕುಳಿಗಳು, ಕಸದ ದಿಬ್ಬಗಳು, ಬಾವಿಯಂತೆ ಇಳಿದ ಗುಂಡಿಗಳು. ಲಿಂಗಸುಗೂರು ತಾಲ್ಲೂಕಿನ ಒಬ್ಬ ಸಂಶೋಧನಾರ್ಥಿಯಾದರೂ ಮುಂದಿನ ಕ್ಷೇತ್ರಕಾರ್ಯವನ್ನು ಕಂಪನಿಯ ಕಚೇರಿಯ ಬದಲು ಅಲ್ಲಿಂದ ಆರಂಭಿಸಲಿ.