ನಮ್ಮೂರ ಡಾಕ್ಟರು, ಪರವೂರ ಆಸ್ಪತ್ರೆ

ಹಾಸನದ ಬಸ್ ನಿಲ್ದಾಣದಲ್ಲಿ ಬೆಳಗಿನ ಮೈಸೂರು ಬಸ್ಸು ಹತ್ತೋರ ಕೈಚೀಲ ನೋಡಿ. ಯಾರದಾದರೂ ಒಂದು ಚೀಲದಲ್ಲಿ ಇ.ಸಿ.ಜಿ. ಚೀಟಿ ಇದ್ದೇ ಇರುತ್ತೆ. ಎಲ್ಲಿಗೆ ಅಂತ ಕೇಳಬೇಕಾಗಿಲ್ಲ. ಜಯದೇವಕ್ಕೆ.

ಆ ಜಯದೇವ ಹೃದ್ರೋಗ ಸಂಸ್ಥೆಯನ್ನು ಹದಿನಾರು ವರ್ಷಕ್ಕೂ ಮಿಕ್ಕಿ ನಡೆಸಿದವರು ನಮ್ಮ ಜಿಲ್ಲೆಯವರೇ. ಚನ್ನರಾಯಪಟ್ಟಣ ತಾಲ್ಲೂಕು ಚಿನ್ನೇನಹಳ್ಳಿಯ ಡಾ. ಸಿ.ಎನ್. ಮಂಜುನಾಥ್. ಹೊಳೆನರಸೀಪುರದ ದೇವೇಗೌಡರ ಅಳಿಯ. ನೆಂಟಸ್ತನ ಹಿಡಿದು ಮಾತಾಡೋರು ಮಾತಾಡಲಿ, ನಾವು ಕೆಲಸ ನೋಡೋಣ.

ಸುಮಾರು 300 ಹಾಸಿಗೆಯ ಸಂಸ್ಥೆ ಅವರ ಕಾಲದಲ್ಲಿ ಬೆಂಗಳೂರು, ಮೈಸೂರು, ಕಲಬುರಗಿ ಸೇರಿ 2000ದ ಆಸುಪಾಸಿಗೆ ಬೆಳೆಯಿತು. 350 ಹಾಸಿಗೆಯ ಒಂದು ಕಟ್ಟಡವನ್ನು ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟಿತು. ಇದೆಲ್ಲಕ್ಕಿಂತ ದೊಡ್ಡದು ಅವರು ಹಾಕಿದ ಒಂದೇ ಕಟ್ಟಳೆ: ಮೊದಲು ಚಿಕಿತ್ಸೆ, ದುಡ್ಡು ಆಮೇಲೆ. ಎದೆ ಹಿಡ್ಕೊಂಡು ಬಂದ ಬಡವನನ್ನು ಕೌಂಟರಿನಲ್ಲಿ ನಿಲ್ಲಿಸಬೇಡಿ ಅಂದರು. 2007ರಲ್ಲಿ ಪದ್ಮಶ್ರೀ ಬಂತು. 2024ರ ಜನವರಿ ಕೊನೆಗೆ ನಿವೃತ್ತಿ. ಅದೇ ವರ್ಷ ಬಿ.ಜೆ.ಪಿ.ಯಿಂದ ನಿಂತು, ಬೆಂಗಳೂರು ಗ್ರಾಮಾಂತರದಲ್ಲಿ ಡಿ.ಕೆ. ಸುರೇಶ್ ಅವರನ್ನು ಸೋಲಿಸಿ ಸಂಸದರೂ ಆದರು.

ಹೆಮ್ಮೆ ಪಡೋಣ, ತಪ್ಪೇನಿಲ್ಲ. ಆದರೆ ಹೆಮ್ಮೆಯಿಂದ ಎದೆನೋವು ನಿಲ್ಲುತ್ತದೆಯೇ ಸ್ವಾಮಿ?

2025ರ ಮೇ, ಜೂನ್ ನೆನಪಿಸಿಕೊಳ್ಳಿ. ಸುಮಾರು ನಲವತ್ತು ದಿನದಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ವರದಿಯಾಗಿ ಊರೆಲ್ಲ ಗಾಬರಿ. ಜಯದೇವದ ಮುಂದೆ ಕ್ಯೂ. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವು ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿದ ಮೇಲೆ ಗಾಬರಿ ಇಳಿಯಿತು. ದೂರ ಮಾತ್ರ ಇಳಿಯಲಿಲ್ಲ. ಅರಕಲಗೂಡಿನಿಂದ ಹಾಸನಕ್ಕೇ ಸುಮಾರು ಮೂವತ್ತು ಕಿಲೋಮೀಟರು. ಅಲ್ಲಿಂದ ಮೈಸೂರು ಇನ್ನೂ ನೂರಕ್ಕೂ ಹೆಚ್ಚು. ರಕ್ತ ಹೆಪ್ಪುಗಟ್ಟಿದ ನಾಳ ಬಸ್ ಟೈಮು ನೋಡಿಕೊಂಡು ಕಾಯೋದಿಲ್ಲ.

ಇದಕ್ಕೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸೋದು, ಅವರು ಹೂಂ ಅಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಕೊಡೋದು. ಹೊರಗೆ ಕೊಂಡರೆ ಹತ್ತಾರು ಸಾವಿರ, ಇಲ್ಲಿ ಪುಕ್ಕಟೆ. ಎಲ್ಲ ತಾಲ್ಲೂಕಿಗೂ ವಿಸ್ತರಿಸ್ತೀವಿ ಅಂತ 2025ರಲ್ಲಿ ಸರ್ಕಾರ ಹೇಳಿತು. ಒಳ್ಳೇದು. ಆದರೆ ಅದನ್ನು ನಡೆಸೋರು ಯಾರು?

ಮಂಜುನಾಥ್ ಮಂತ್ರದಂಡ ಹಿಡಿದು ಬಂದವರಲ್ಲ. ಅವರಿಗೆ ಸಿಕ್ಕಿದ್ದು ಎರಡು: ಸ್ವಾಯತ್ತ ಸಂಸ್ಥೆಯಾದ್ದರಿಂದ ತೀರ್ಮಾನ ಮಾಡುವ ಅಧಿಕಾರ, ಮತ್ತೆ ಒಂದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕಾಲ. ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಇವೆರಡೂ ಎಷ್ಟರಮಟ್ಟಿಗೆ ಇವೆ? ವರ್ಗಾವಣೆ ಕತ್ತಿ ತಲೆ ಮೇಲೆ ತೂಗ್ತಾ ಇದ್ದರೆ ಯಾವ ಡಾಕ್ಟರು ಊರು ಕಟ್ತಾನೆ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಆಸ್ಪತ್ರೆಗಳಿಗೆ ಒಳ್ಳೆಯ ಆಡಳಿತಗಾರರನ್ನು ಹುಡುಕಿ ಕೊಡಿ. ಐದು ವರ್ಷ ಅಲ್ಲಾಡಿಸಬೇಡಿ. ಔಷಧಿ ತರಿಸೋಕೆ ಕೈಯಲ್ಲಿ ಒಂದಿಷ್ಟು ಹಣ, ಅಧಿಕಾರ ಕೊಡಿ. ಆಮೇಲೆ ಲೆಕ್ಕ ಕೇಳಿ, ಗದರಿಸಿಯೇ ಕೇಳಿ.

ಮಂಜುನಾಥರಿಗೆ ಸನ್ಮಾನ ಮಾಡೋಕೆ ಶಾಲು, ಹಾರ ನಮ್ಮ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತೆ. ಅವರ ಕಟ್ಟಳೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆದರೆ ಅದೇ ನಿಜವಾದ ಸನ್ಮಾನ. ನಮ್ಮ ಶಾಸಕರು ಇತ್ತ ಗಮನ ಹರಿಸುವರೇ?